ಬರಿ ಲಾರಿಯ ತೂಕ

ತುಂಬಿದ ಲಾರಿ ಮೊದಲು ತೂಗುತ್ತೇನೆ.
ಮೆಕ್ಕೆಜೋಳ ಸುರಿದು ಹಗುರಾಗಿ ಮರಳಿದಾಗ ಮತ್ತೊಮ್ಮೆ.
ಅದರಲ್ಲಿ ಇದು ಕಳೆದರೆ ಉಳಿದದ್ದು ಕಾಳು.
ಇಪ್ಪತ್ತಾರು ವರ್ಷ, ಅಯೋವಾದ ಈ ಗಾಜಿನ ಗೂಡಿನಲ್ಲಿ,
ಇಷ್ಟೇ ನನ್ನ ವಿದ್ಯೆ.

ಅಡುಗೆಮನೆಯ ಮೇಜಿನ ಮೇಲೆ ಎರಡು ಪತ್ರ.
ಒಂದು ಸರ್ಕಾರಿ ವಿಶ್ವವಿದ್ಯಾಲಯದ್ದು: ಮೂವತ್ತು ಸಾವಿರ ಮಕ್ಕಳು,
ವರ್ಷಕ್ಕೆ ಇಪ್ಪತ್ತೆರಡು ಸಾವಿರ ಡಾಲರು.
ಇನ್ನೊಂದು ಗುಡ್ಡದ ಮೇಲಿನ ಪುಟ್ಟ ಕಾಲೇಜಿನದು:
ಒಂಬೈನೂರ ಹನ್ನೊಂದು ಮಕ್ಕಳು, ಒಂದು ಗಂಟೆಗೋಪುರ,
ಅರವತ್ತೆಂಟು ಸಾವಿರ.
ಅಷ್ಟು ದುಡ್ಡಿಗೆ ಗಂಟೆಯನ್ನೂ ಬಿಚ್ಚಿ ಕೊಡುತ್ತಾರೇನೋ,
ಎಂದೆ. ಆರ್ಡಿತ್ ನಗಲಿಲ್ಲ.

ಅಷ್ಟು ಯಾರೂ ಕೊಡುವುದಿಲ್ಲವಂತೆ, ನೆರವು ಕಳೆಯಬೇಕಂತೆ.
ಕಳೆದೆ. ಪಟ್ಟಿಯ ಕೊನೆಯ ನೆರವಿನ ಹೆಸರು: ಸಾಲ.
ಲಾರಿಯ ಕಬ್ಬಿಣವನ್ನು ಕಾಳೆಂದು ನಾನು ಬರೆದರೆ
ನಾಳೆ ಬೆಳಿಗ್ಗೆ ಬೀಗದಕೈ ಕಿತ್ತುಕೊಳ್ಳುತ್ತಾರೆ.
ಸಾಲವನ್ನು ವಾಪಸು ಕೂಡಿದೆ.
ಮೂವತ್ತೊಂದು ಸಾವಿರ. ನಾಲ್ಕರಿಂದ ಗುಣಿಸು.
ಆರ್ಡಿತ್ ಗುಣಿಸಲಿಲ್ಲ; ಪೆನ್ಸಿಲ್ ಚೂಪು ಮಾಡುತ್ತ ಕೂತಳು.

ನೋಡಿ ಬರಲು ಹೋದೆವು, ಏಪ್ರಿಲ್ ಕೆಸರಿನಲ್ಲಿ.
ತರಗತಿಯೆಂದರೆ ಹದಿಮೂರು ಕುರ್ಚಿ, ಒಂದು ಮೇಜು,
ಮೇಜಿನ ನಡುವೆ ಒಡೆದ ಮಡಕೆಯ ಚೂರು.
ಅದರ ಸುತ್ತ ಇಡೀ ಒಂದು ತಾಸು ಮಾತು!
ಇದರಲ್ಲಿ ಏನು ತುಂಬಿದ್ದರು, ಒಡೆದಾಗ ಯಾರನ್ನು ಬೈದರು.
ಉತ್ತರ ಕೊನೆಗೂ ಯಾರೂ ಹೇಳಲಿಲ್ಲ.
ನಾನು ಗೋಡೆಗೆ ಒರಗಿ ಲೆಕ್ಕ ಹಾಕಿದೆ:
ತಾಸಿಗೆ ತೊಂಬತ್ತೇಳು ಡಾಲರು, ಒಂದು ಚೂರಿಗೆ.

ಆಮೇಲೆ ಆ ಅಧ್ಯಾಪಕಿ, ಬೂಟಿಗೆ ಕೆಸರು ಮೆತ್ತಿದ ಹೆಂಗಸು,
ನನ್ನ ಮಗಳತ್ತ ತಿರುಗಿ,
‘ನಿನ್ನ ಹೆಸರನ್ನು ಹೇಗೆ ಕರೆಯಬೇಕು?’ ಅಂದರು.
ಯಾನೆಕೆ. ನನ್ನಜ್ಜಿಯ ಹೆಸರು, ಹಡಗಿನಲ್ಲಿ ಬಂದದ್ದು.
ಶಾಲೆಯ ಹಾಜರಿಯಲ್ಲಿ ಹನ್ನೆರಡು ವರ್ಷ ಜಾನಿಕ್ ಆಗಿದ್ದಳು,
ತಿದ್ದುವುದನ್ನು ಮೂರನೇ ಇಯತ್ತೆಯಲ್ಲೇ ಬಿಟ್ಟಿದ್ದಳು.
ಆಕೆ ಎರಡು ಸಲ ಅಂದು ನೋಡಿದರು, ಮೂರನೆಯದು ಸರಿಬಂತು.
ಆಗ ನನ್ನ ಮಗಳು ಚೂರನ್ನು ಎತ್ತಿ
‘ಇಲ್ಲಿ ಹೆಬ್ಬೆರಳ ಗುರುತಿದೆ, ಎಡಗೈಯದು’ ಅಂದಳು.
ಮನೆಯಲ್ಲಿ ಉಪ್ಪು ಬೇಕೆಂದೂ ಬಾಯಿಬಿಡದವಳು.

ಇದನ್ನು ಯಾವ ಕಾಲಮಿನಲ್ಲಿ ಬರೆಯಲಿ?

ಹಾರ್ಲನ್ ವಾಂಡರ್‌ಪ್ಲಾಟ್ಸ್ ಕಿಟಕಿಯಿಂದ ಬಗ್ಗಿ ಕೇಳಿದ:
‘ಮಡಕೆಚೂರು ಓದಿ ಏನಾಗ್ತಾಳೆ?’
ಅವನ ಮಗ ಎರಡೇ ವರ್ಷ ವೆಲ್ಡಿಂಗ್ ಕಲಿತ,
ಈಗ ನನಗಿಂತ ಹೆಚ್ಚು ತರುತ್ತಾನೆ. ಒಳ್ಳೆಯ ಹುಡುಗ.
ಈ ತೂಕದ ಹಲಗೆಯ ಬಿರುಕು ಮುಚ್ಚಿದವನೂ ಅವನೇ.
ತೇವ ಹದಿನೇಳೂವರೆ, ಅಂದೆ. ಚೀಟಿ ಕೊಟ್ಟೆ.

ಒಂದು ನಿಯಮವಿದೆ, ಗೋಡೆಗೆ ಅಂಟಿಸಿದ್ದೇನೆ:
ಚಾಲಕ ಎರಡು ಸಲವೂ ಒಳಗಿರಬೇಕು,
ಇಲ್ಲವೇ ಎರಡು ಸಲವೂ ಹೊರಗೆ.
ತುಂಬಿದಾಗ ಕೂತು, ಬರಿದಾದಾಗ ಇಳಿದರೆ
ಅವನ ಮೈಯೂ ಕಾಳಿನ ಬೆಲೆಗೆ ಮಾರಿಹೋಗುತ್ತದೆ.

ನಿನ್ನೆ ರಾತ್ರಿ ಮೂರಕ್ಕೆ ಎದ್ದು ಮತ್ತೆ ಕೂಡಿದೆ, ಕಳೆದೆ.
ಹತ್ತೊಂಬತ್ತರಲ್ಲಿ ನಾನು ಒಂದೇ ಸೆಮಿಸ್ಟರ್ ಓದಿ ಬಿಟ್ಟದ್ದು,
ಆ ಲೈಬ್ರರಿಯ ಹಸಿರು ದೀಪ,
ಹಿಂತಿರುಗಿಸದೆ ಉಳಿದ ನಕ್ಷತ್ರಗಳ ಪುಸ್ತಕ,
ಎಲ್ಲ ಇನ್ನೂ ಲಾರಿಯೊಳಗೇ ಕೂತಿತ್ತು.
ಎಷ್ಟು ಅವಳ ತೂಕ, ಎಷ್ಟು ನನ್ನದು?
ಇಳಿ, ವರ್ಲಿನ್, ಅಂದುಕೊಂಡೆ.
ಇಳಿದು ನಿಂತು ನೋಡಿದೆ.
ಮುಳ್ಳು ಕೊಂಚ ಜಾರಿತು. ಸೊನ್ನೆಗೆ ಬರಲಿಲ್ಲ.

ಬೆಳಿಗ್ಗೆ ಯಾನೆಕೆ ಬಟ್ಟಲಿಗೆ ಹಾಲು ಸುರಿಯುತ್ತ
‘ಸರ್ಕಾರಿಯದೇ ಆಗಲಿ ಅಪ್ಪ, ಅಲ್ಲೂ ಮಡಕೆ ಇರ್ತವೆ’ ಅಂದಳು.
ಹಾಗಾದರೆ ಅವಳೂ ತೂಗಿದ್ದಾಳೆ,
ನನ್ನ ಸಂಬಳ, ಅಮ್ಮನ ಮಂಡಿಯ ಆಪರೇಷನ್ ಒಂದು ಕಡೆ ಇಟ್ಟು.
ಚಮಚ ಎಡಗೈಯಲ್ಲಿತ್ತು.
ಹದಿನೆಂಟು ವರ್ಷ ಕಂಡದ್ದನ್ನು ಇವತ್ತು ನೋಡಿದೆ.

ಮೇ ಒಂದಕ್ಕೆ ಇನ್ನೂ ನಾಲ್ಕು ದಿನ ಇದೆ, ಅಂದೆ,
ಟೋಪಿ ಹುಡುಕುತ್ತ.