ಮೀಟರ್ ಮುಳ್ಳು

ಉಪ್ಪಳ್ಳಿ ತಿರುವಿನಲ್ಲಿ ನನ್ನ ಅಂಗಡಿ.
‘ಇಲಿಯಾಸ್ ಮೀಟರ್ ವರ್ಕ್ಸ್’ ಅಂತ ಬರೆಸಿದ್ದೆ,
ಬಿಸಿಲು ತಿಂದು ಈಗ ‘ಟರ್ ವರ್ಕ್ಸ್’ ಉಳಿದಿದೆ.
ಜೀಪು, ಟೆಂಪೊ, ಟ್ರ್ಯಾಕ್ಟರು, ಯಾವುದರದ್ದೇ ಇರಲಿ
ನಿಂತ ಮುಳ್ಳು ನನ್ನ ಮೇಜಿಗೆ ಬರುತ್ತದೆ.

ಹೋದ ಮಂಗಳವಾರ ಬಂದದ್ದು
ಎರಡೇ ಸೀಟಿನ ಕೆಂಪು ಕಾರು,
ನೆಲಕ್ಕೆ ಹೊಟ್ಟೆ ಹಚ್ಚಿಕೊಂಡು, ಮೂಗು ಮುಂದೆ ಮಾಡಿಕೊಂಡು.
ಯಾವುದೋ ಎಸ್ಟೇಟಿನ ಗೋದಾಮಿನಲ್ಲಿ ಇಪ್ಪತ್ತು ವರ್ಷ
ಕೋಳಿಗಳು ಅದರೊಳಗೆ ಕಾವು ಕೂತಿದ್ದವಂತೆ.
ಮಂಡಿ ಹಿಡಿದುಕೊಂಡು ಇಳಿದವರು
ಲೀನಾ ಮಿನೇಜಸ್ ಮೇಡಂ.
ಏಳನೇ ಕ್ಲಾಸು, ಗಣಿತ.
ನನಗೆ ಮೂವತ್ತನಾಲ್ಕು ಕೊಟ್ಟವರು.
ಅಬ್ಬಾ ಹೋಗಿ ಬಾಗಿಲಲ್ಲಿ ನಿಂತರೂ
ಇನ್ನೊಂದು ಕೊಡದವರು.

‘ಇದು ಸುಳ್ಳು ಹೇಳುತ್ತೆ ಕಣೋ ಇಲಿಯಾಸ್.
ಪೆಟ್ರೋಲು ಯಾವಾಗಲೂ ಅರ್ಧ.
ಖಾಲಿಯಾಗಿ ಕೈಮರದಲ್ಲಿ ನಿಂತಾಗಲೂ ಅರ್ಧ.
ರಾತ್ರಿ ದೀಪ ಹಾಕಿದರೆ ಇಂಜಿನ್ನಿಗೆ ಜ್ವರ ಏರುತ್ತೆ,
ಆರಿಸಿದರೆ ಇಳಿಯುತ್ತೆ.
ಎಲ್ಲಾ ಕಿತ್ತು ಹೊಸದು ಹಾಕಿಸಿ ಅಂತಾರೆ.
ನೀನೇನಂತಿ?’

ನಾನು ಏನೂ ಅನ್ನಲಿಲ್ಲ.
ಟಾರ್ಚು ಹಲ್ಲಿಗೆ ಕಚ್ಚಿಕೊಂಡು
ಪೆಡಲುಗಳ ಸಂದಿಗೆ ತಲೆ ತೂರಿಸಿ
ಹಲಗೆಯ ಬೆನ್ನು ನೋಡಿದೆ.
ಬಣ್ಣಗೆಟ್ಟ ತಂತಿಗಳು, ಜೇಡ, ಒಂದು ಕೋಳಿ ಪುಕ್ಕ.
ಎಲ್ಲ ಮೀಟರಿಗೂ ಸೇರಿ ಒಂದೇ ಕರಿ ತಂತಿ,
ಅದು ತಗಡನ್ನು ಕಚ್ಚಬೇಕಾದ ಜಾಗದಲ್ಲಿ ತುಕ್ಕು.
ನಾವು ಅದಕ್ಕೆ ಅರ್ತ್ ಅನ್ನುತ್ತೇವೆ.
ಅರ್ತ್ ಬಿಟ್ಟ ಮೇಲೆ
ಯಾವ ಮುಳ್ಳೂ ತನ್ನ ಮಾತು ಆಡುವುದಿಲ್ಲ.
ದೀಪಕ್ಕೆ ಬಂದ ಕರೆಂಟು ದಾರಿ ಕಾಣದೆ
ಪಕ್ಕದ ಮನೆ ಹಾದು ಹೋಗುತ್ತದೆ.
ಜ್ವರ ಇಂಜಿನ್ನಿಗೆ ಬಂದದ್ದೇ ಅಲ್ಲ.

ಉಪ್ಪುಕಾಗದ ಹಾಕಿ ಉಜ್ಜಿದೆ.

ಆಮೇಲೆ ಟ್ಯಾಂಕು.
ಹಿತ್ತಾಳೆ ಬುಂಡೆಯ ತೋಳು ಅರ್ಧದಲ್ಲಿ ತುಕ್ಕು ಹಿಡಿದು
ಎತ್ತಿದ ಕೈ ಎತ್ತಿದಂತೆಯೇ ಇತ್ತು,
ಉತ್ತರ ಗೊತ್ತಿಲ್ಲದೆ ಕೈ ಎತ್ತಿದ ಹುಡುಗನ ಹಾಗೆ.

ಸ್ಪೀಡೋಮೀಟರಿನ ಗಾಜು ತೆಗೆದಾಗ
ಅರವತ್ತೊಂದು ಸಾವಿರದ ನಾನೂರ ಎಂಟು. ಮೈಲಿ.
‘ಈ ಅಂಕಿ ನಿಜವೇನೋ?’
‘ನಿಜ ಮೇಡಂ. ಯಾರೂ ಮುಟ್ಟಿಲ್ಲ.’
‘ನಿನಗೆ ಹೇಗೆ ಗೊತ್ತು?’

ಗೊತ್ತಾಗುತ್ತೆ.
ತಿರುಗಿಸಿದವನ ಮೊನೆ ಚಕ್ರದ ಅಂಚಿಗೆ ಒಂದು ಕೂದಲು ಗೆರೆ ಬಿಡುತ್ತದೆ.
ಕಡೂರಿನ ಬ್ರೋಕರ್ ಒಬ್ಬ ಐನೂರು ಕೊಟ್ಟಿದ್ದ,
ಒಂದು ಲಕ್ಷ ಓಡಿದ ವ್ಯಾನಿಗೆ ನಲವತ್ತೆರಡು ಕೂರಿಸಿದ್ದೆ.
ಅದು ಮೂರು ಕೈ ದಾಟಿ
ಹೆಂಡತಿಯ ತಮ್ಮ ನೂರುಲ್ಲಾನ ಅಂಗಳದಲ್ಲಿ ನಿಂತಿತು.
‘ಬರೀ ನಲವತ್ತೆರಡು ಓಡಿದೆ ಭಾಯ್, ಲಕ್ಕು ನೋಡಿ.’
ಚಹಾ ಕುಡಿದೆ.
ಹೂಂ ಅಂದೆ.
ಇದನ್ನು ಮೇಡಂಗೆ ಹೇಳಲಿಲ್ಲ.
‘ಅನುಭವ,’ ಅಂದೆ.

ಬಂಕಿನಲ್ಲಿ ಐದೈದು ಲೀಟರು ಅಳೆದು ಹಾಕಿಸಿದರು,
ಪ್ರತಿ ಸಲ ಮುಳ್ಳು ನೋಡಿ ನೋಟ್‌ಬುಕ್ಕಿನಲ್ಲಿ ಬರೆದರು,
ಅದೇ ಕೆಂಪು ಪೆನ್ನು.
‘ಒಂದು ಗೆರೆ ಕಡಿಮೆ ತೋರಿಸ್ತಿದೆ.’
‘ಹೌದು ಮೇಡಂ. ಬೇಕಂತಲೇ ಬಗ್ಗಿಸಿದ್ದು.
ಖಾಲಿ ಅಂತ ಅದು ಹೇಳುವಾಗ
ತಳದಲ್ಲಿ ಇನ್ನೂ ಸ್ವಲ್ಪ ಇರಬೇಕು.’

ಕನ್ನಡಕದ ಮೇಲಿಂದ ನೋಡಿದರು.
ಆ ನೋಟಕ್ಕೆ ಈಗಲೂ ನನ್ನ ಮಂಡಿ ಸಡಿಲ.
ಸರಿಯೋ ತಪ್ಪೋ ಹೇಳಲಿಲ್ಲ.
ಕೆಂಪು ಪೆನ್ನಿನ ಮುಚ್ಚಳ ಹಾಕಿ
ಪಕ್ಕದ ಸೀಟಿನ ಧೂಳು ಸೆರಗಿನಿಂದ ಹೊಡೆದು
‘ಕೂತ್ಕೋ’ ಅಂದರು,
ವರ್ಷವಿಡೀ ನನ್ನನ್ನು ಬೆಂಚಿನ ಮೇಲೆ ನಿಲ್ಲಿಸಿದವರು.

ಕೈಮರದ ಕಡೆಗೆ ಏರು ಹತ್ತಿದೆವು.
ಮಾತಿಲ್ಲ. ಗಾಳಿಗೆ ಕಿವಿ ಕಿವುಡು.
ಮೂವತ್ತರ ಹತ್ತಿರ ಮುಳ್ಳು ಸಣ್ಣಗೆ ನಡುಗುತ್ತಿತ್ತು,
ಅದು ಮುಳ್ಳಿನದಲ್ಲ, ಕೇಬಲ್ಲಿನದು,
ಎಣ್ಣೆ ಬಿಟ್ಟರೆ ಸರಿಹೋಗುತ್ತೆ.
ಹೇಳೋಣ ಅಂದುಕೊಂಡೆ.
ನಾಳೆ ಹೇಳಿದರಾಯಿತು.