ಅಡಿಟಿಪ್ಪಣಿ ನಲವತ್ತೊಂದು

ಮಂಗಳವಾರ ಬಂತೆಂದರೆ ಅದೇ ಪೆಟ್ಟಿಗೆ ಕೇಳುತ್ತಾಳೆ ಟೇಗನ್.
ತಳ್ಳುಗಾಡಿಯಲ್ಲಿ ತರುತ್ತೇನೆ, ಒಂದು ಗಾಲಿ ಕಿರುಗುಟ್ಟುತ್ತದೆ,
ಓದುವ ಕೋಣೆಯಲ್ಲಿ ಅದೊಂದೇ ಸದ್ದು.
ಪೆನ್ಸಿಲ್ ಮಾತ್ರ, ಎನ್ನುತ್ತೇನೆ. ಗೊತ್ತು, ಎನ್ನುತ್ತಾಳೆ.

ಹೋಬಾರ್ಟಿನ ಹಳೇ ಹೆಂಗಸರ ಸೆರೆಮನೆ, ಬಟ್ಟೆ ಒಗೆದ ಲೆಕ್ಕ:
ದುಪ್ಪಟಿ ಹನ್ನೆರಡು, ದಿಂಬಿನ ಗವಸು ಒಂಬತ್ತು,
ಸೋಪು, ಸುಣ್ಣ, ಸುಟ್ಟ ಕೈಗೆ ಒಂದು ಪಟ್ಟಿ.
ಸಹಿ ಇರಬೇಕಾದಲ್ಲಿ ಕತ್ತರಿ ಗುರುತು,
ಪಕ್ಕದಲ್ಲಿ ಇನ್ಯಾರೋ ಬರೆದ ಹೆಸರು: ಹಾನರಾ ಕ್ವಿರ್ಕ್.
ಮತ್ತೆಲ್ಲೂ ಇಲ್ಲ ಅವಳು.

ಫೆಬ್ರವರಿಯಲ್ಲಿ ಪ್ರಬಂಧಕ್ಕೆ ಸಾಮ್ರಾಜ್ಯವೇ ವಿಷಯವಾಗಿತ್ತು.
ಮೇ ಹೊತ್ತಿಗೆ ಒಂದು ಸೆರೆಮನೆ.
ಜುಲೈಯಲ್ಲಿ, ಬೆಟ್ಟದ ನೆತ್ತಿ ಬೆಳ್ಳಗಾದಾಗ,
ಒಂದು ಕಲ್ಲಿನ ತೊಟ್ಟಿ.
ಹೀಗೇ ಕುಗ್ಗಿದರೆ, ನಕ್ಕಳು, ಉಳಿಯುವುದು ಬರೀ ನೊರೆ.

ಆಗಸ್ಟಿನಲ್ಲಿ ಅತ್ತಳು, ಅಂಗಿಯ ತೋಳಿನೊಳಗೆ,
ಪುಟದ ಮೇಲೆ ಬೀಳದ ಹಾಗೆ.
ಮಾರ್ಗದರ್ಶಕಿ ಹೇಳಿದರಂತೆ: ಸಾಕ್ಷಿ ಒಂದೇ ಸಾಲು,
ಅದರ ಮೇಲೆ ಅಧ್ಯಾಯ ನಿಲ್ಲದು, ತೆಗೆ.
ನಾನೇನು ಹೇಳಲಿ, ಪೆಟ್ಟಿಗೆ ಹೊರುವವನು.
ಅವತ್ತು ಮುಚ್ಚುವ ಗಂಟೆಯನ್ನು
ಐದು ನಿಮಿಷ ತಡವಾಗಿ ಬಾರಿಸಿದೆ.

ಅಕ್ಟೋಬರ್ ಕೊನೆಗೆ ಬಂದಳು, ಪೆಟ್ಟಿಗೆ ಕೇಳಲಿಲ್ಲ.
ಪ್ರತಿ ಇನ್ನೂ ಬೆಚ್ಚಗಿತ್ತು, ಅಂಟಿನ ವಾಸನೆ.
ಕೃತಜ್ಞತೆಯ ಪುಟದಲ್ಲಿ ನನ್ನ ಹೆಸರು, ಒಂದಕ್ಷರ ತಪ್ಪಾಗಿ.
ಅರವತ್ತೆರಡನೇ ಪುಟದ ತಳದಲ್ಲಿ, ಸಾಸಿವೆಯಷ್ಟು ಅಕ್ಷರದಲ್ಲಿ:
ಹಾನರಾ ಕ್ವಿರ್ಕ್. ಕೈ ಸುಟ್ಟುಕೊಂಡವಳು ಇವಳೇ ಇರಬಹುದು.

'ಇರಬಹುದು' ಮೇಲೆ ಬೆರಳಿಟ್ಟು ಹೇಳಿದಳು,
ಇದೊಂದಕ್ಕೆ ಮೂರು ವಾರ.

ಅಷ್ಟರಲ್ಲಿ ಕಿಟಕಿ ಬದಿಯ ಮೇಜಿನಿಂದ ಯಾರೋ ಕೈ ಎತ್ತಿದರು.
ಹದಿನೇಳನೇ ಪೆಟ್ಟಿಗೆ. ಅದು ಮೇಲಿನ ಅಟ್ಟದಲ್ಲಿದೆ.