ತೂತು ಗೂಡು

ಡಿಸೆಂಬರಿನ ಕೊನೆಯ ಶನಿವಾರ, ಶಿಡ್ಲಘಟ್ಟ.
ಬೇಯುವ ಹುಳದ ವಾಸನೆಗೆ ಸೊಗಡವರೆಯ ಘಮ ಬೆರೆತು
ಹಸಿವೋ ವಾಕರಿಕೆಯೋ ತಿಳಿಯದ ಸಂಜೆ.
ಗೂಡು ಮಾರುಕಟ್ಟೆಯ ಗೇಟಿನ ಪಕ್ಕ, ಸೈಕಲ್ ನಿಲ್ಲಿಸುವ ಜಾಗದಲ್ಲಿ
ಎರಡು ಬೆಂಚು ಜೋಡಿಸಿ, ಮಾಸಿದ ಬೆಡ್‌ಶೀಟು ಹಾಸಿ,
ಜೈತುನ್‌ಬಿ ಹಬ್ಬಗಳನ್ನು ಹರವಿಕೊಂಡು ಕೂತಿದ್ದಳು.

ಎಲ್ಲ ಹಬ್ಬವೂ ಒಂದೇ ಗೂಡಿನದು.
ಅಡ್ಡ ಕತ್ತರಿಸಿದರೆ ಗಂಟೆ.
ಉದ್ದಕ್ಕೆ ಸೀಳಿ ಐದು ಚೂರು ಅಂಟಿಸಿದರೆ ನಕ್ಷತ್ರ.
ಅರಿಶಿನದ ನೀರಲ್ಲಿ ಅದ್ದಿದರೆ ಸಂಕ್ರಾಂತಿಯ ಚೆಂಡುಹೂ.
ಒಂದೇ ಒಂದು ಚೂರು ಓರೆಯಾಗಿ ಅಂಟಿಸಿ ಬಿಟ್ಟರೆ, ಚಂದ್ರ.
"ನಿಮ್ದು ಯಾವ ಹಬ್ಬ ಹೇಳಿ ಮೇಡಂ, ಮಾಡಿಕೊಡ್ತೀನಿ,"
ಅಂದಳು, ಟೈಲರು ಅಳತೆ ಕೇಳುವ ಹಾಗೆ.

ಬೆನ್ನ ಹಿಂದೆ ರಟ್ಟಿನ ಮೇಲೆ ಸ್ಕೆಚ್‌ಪೆನ್ನಿನ ಬರಹ,
ಜಾಗ ಸಾಲದೆ ಕೊನೆಯ ಅಕ್ಷರಗಳು ಗೋಡೆ ಹತ್ತುತ್ತಿವೆ:
ನೂಲು ಬಿಚ್ಚೋ ಹೆಂಗಸರ ಕನ್ನಡಕದ ಬಾಬ್ತು.

ಇವು ತೂತು ಗೂಡು, ಬಿತ್ತನೆ ಕೋಠಿಯಿಂದ ಬಂದವು.
ಕುದಿನೀರು ಕಾಣದೆ ಉಳಿದ ಹುಳ
ಚಿಟ್ಟೆಯಾಗಿ, ತನ್ನ ಗೋಡೆ ತಾನೇ ನೆನೆಸಿ, ಹೊರಬಿದ್ದು
ಮೊಟ್ಟೆ ಇಟ್ಟು ಮುಗಿಸಿದೆ.
ಎಳೆ ಕಡಿದಿದೆ, ಬಿಚ್ಚಲು ಬಾರದು.
ಗೇಟಿನ ಒಳಗೆ ಇದಕ್ಕೆ ಕಸದ ಬೆಲೆ.
ಹೊರಗೆ, ಕಾರ್ಡಿಗೆ ಅರವತ್ತು ರೂಪಾಯಿ.

ಅರವತ್ತಾ? ಅಂದೆ.
ಅನ್ನಬೇಕೆಂದು ಅಂದದ್ದಲ್ಲ.
ಸೊಪ್ಪಿನವಳ ಮುಂದೆ, ಆಟೋದವನ ಮುಂದೆ
ಇಪ್ಪತ್ತೆರಡು ವರ್ಷ ಪಳಗಿದ ನಾಲಗೆ ತಾನೇ ಎದ್ದು ನಿಂತಿತು:
ಆರು ತಗೋತೀನಿ, ಮುನ್ನೂರಕ್ಕೆ ಕೊಡಮ್ಮ.

ಕೊಟ್ಟಳು.
ಬಿಸಿನೀರಲ್ಲಿ ಎಳೆಯ ತುದಿ ಹುಡುಕಿ ಹುಡುಕಿ
ಬಿಳಿಚಿ ಸುಕ್ಕಾದ ಬೆರಳು.
ನೋಟನ್ನು ಕಣ್ಣಿನ ಹತ್ತಿರಕ್ಕೆ ತಂದಳು, ದೂರಕ್ಕೆ ಹಿಡಿದಳು,
ಕೊನೆಗೆ ಹೆಬ್ಬೆರಳಲ್ಲಿ ಸವರಿ ನಂಬಿದಳು.

ಮನೆಗೆ ಬಂದು ತಿರುಗಿಸಿದರೆ ಕಾರ್ಡಿನ ಬೆನ್ನಿಗೆ
ಯಾವುದೋ ಮಗುವಿನ ದುಂಡು ಅಕ್ಷರ:
ಆರು ಕಾರ್ಡಿಗೆ ಒಂದು ಕನ್ನಡಕ. ವಂದನೆಗಳು.

ನಾನು ಲೆಕ್ಕದ ಟೀಚರು.
ಮುನ್ನೂರ ಅರವತ್ತರಲ್ಲಿ ಅರವತ್ತು, ಆರನೇ ಒಂದು.
ಅಂದರೆ ಒಂದು ಕಣ್ಣಿನ ಗಾಜಲ್ಲಿ ಮೂರನೇ ಒಂದು.
ಅಷ್ಟು ಮಂಜನ್ನು ಯಾರ ಕಣ್ಣಲ್ಲಿ ಬಿಟ್ಟು ಬಂದೆನೋ
ಹೆಸರು ಗೊತ್ತಿಲ್ಲ.

ಸೋಮವಾರ ಅಂಚೆ ಕಚೇರಿಯಲ್ಲಿ ಮುನಿನಾರಾಯಣಪ್ಪ
ಲಕೋಟೆಯನ್ನು ಹೊಟ್ಟೆ ನೋಡುವ ಡಾಕ್ಟರ ಹಾಗೆ ಒತ್ತಿ,
"ಒಳಗೇನೋ ಉಬ್ಬಿದೆ ಟೀಚರ್. ಮೊಹರು ಬಿದ್ರೆ ಅಪ್ಪಚ್ಚಿ.
ಪಾರ್ಸಲ್ ಮಾಡಿ, ಒಂದೊಂದಕ್ಕೆ ಐವತ್ತು," ಅಂದ.
ನಾಲಗೆ ಎದ್ದಿತು. ಗೋಡೆಯ ಮೇಲಿನ ದರಪಟ್ಟಿ ಕಂಡು
ತೆಪ್ಪಗೆ ಕೂತಿತು. ಐದಕ್ಕೆ ಇನ್ನೂರೈವತ್ತು ಎಣಿಸಿಕೊಟ್ಟೆ.
ಸರ್ಕಾರದ ಹತ್ತಿರ ಯಾರಾದರೂ ಚೌಕಾಸಿ ಮಾಡುತ್ತಾರೆಯೇ?

ಕೆ.ಜಿ.ಎಫ್‌ನಿಂದ ಫಿಲೋಮಿನಾ ಫೋನು ಮಾಡಿದಳು.
"ಗಂಟೆ ಚೆನ್ನಾಗಿದೆ ಕಣೇ, ಆದ್ರೆ ಒಳಗೆ ನಾಲಿಗೇನೇ ಇಲ್ಲ."
ಇಲ್ಲಿದೆ, ಅನ್ನಲು ಹೋಗಿ ಸುಮ್ಮನಾದೆ.

ಮುಂದಿನ ಶನಿವಾರ ಅರವತ್ತು ರೂಪಾಯಿ ಮಡಿಚಿಕೊಂಡು ಹೋದೆ.
ಬೆಂಚು ಇರಲಿಲ್ಲ. ಸೈಕಲ್ಲುಗಳು ತಮ್ಮ ಜಾಗಕ್ಕೆ ಮರಳಿದ್ದವು.
ನೆಲದಲ್ಲಿ ಅರಿಶಿನದ ಕಲೆ, ಒಂದೆರಡು ಚೂರು.
ವಾಚ್‌ಮನ್ ಬೀಡಿ ಆರಿಸಿ ಹೇಳಿದ:
"ಕಣ್ಣು ತೋರಿಸೋಕೆ ಚಿಕ್ಕಬಳ್ಳಾಪುರಕ್ಕೆ ಹೋದ್ರು,
ಟೆಂಪೋ ಮಾಡ್ಕೊಂಡು, ಹನ್ನೊಂದು ಜನ."
ಹನ್ನೆರಡಾಗಬೇಕಿತ್ತೇ ಎಂದು
ನಾನು ಕೇಳಲಿಲ್ಲ.

ಆರನೆಯ ಕಾರ್ಡು, ನಕ್ಷತ್ರದ್ದು, ಕಿಟಕಿಯ ಸರಳಿಗೆ ಕಟ್ಟಿದ್ದೇನೆ.
ಗಾಳಿಗೆ ತಿರುಗಿದಾಗಲೆಲ್ಲ ಚಿಟ್ಟೆ ಹೊರಟುಹೋದ ಬಾಗಿಲು
ಒಮ್ಮೆ ಬೀದಿಯ ಕಡೆಗೆ, ಒಮ್ಮೆ ನನ್ನ ಕಡೆಗೆ.
ಅರವತ್ತು ರೂಪಾಯಿ ನನ್ನ ಕನ್ನಡಕದ ಡಬ್ಬಿಯಲ್ಲಿದೆ.
ಬೆಳಿಗ್ಗೆ ಡಬ್ಬಿ ತೆರೆದರೆ ಬೆರಳಿಗೆ ಮೊದಲು ಸಿಗುವುದು ಅದು.
ಊರು ಕಾಣುವುದು ಆಮೇಲೆ.